‘ಇಂದ’ ಎಂದು ಬರೆದವನು ಯಾರು?

ಮೂವತ್ತೊಂದು ವರ್ಷ ನೂಲಿನ ಗಿರಣಿಯಲ್ಲಿ ದುಡಿದು ನಿವೃತ್ತರಾದ ಕಾರ್ಮಿಕರೊಬ್ಬರು ಮೊನ್ನೆ ನಮ್ಮ ಪಕ್ಷದ ಕಚೇರಿಗೆ ಬಂದು ಬೆಂಚಿನ ಮೇಲೆ ಕುಳಿತರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಜೇಬಿನಿಂದ ಫೋನು ತೆಗೆದು ನಮ್ಮ ಮುಂದಿಟ್ಟರು. ಅದರಲ್ಲೊಂದು ಇ-ಮೇಲ್. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಭವಿಷ್ಯ ನಿಧಿ ಕಚೇರಿಯ ಹೆಸರು. ಪಕ್ಕದಲ್ಲಿ ಸರಕಾರದ ಮುದ್ರೆಯಂತೆ ಕಾಣುವ ಚಿತ್ರ. ಒಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು: ನಿಮ್ಮ ಖಾತೆಯ ವಿವರ ಸರಿಯಿಲ್ಲ, 24 ಗಂಟೆಯೊಳಗೆ ಕೆಳಗಿನ ಲಿಂಕು ಒತ್ತಿ ಸರಿಪಡಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಓದಿ ಹೇಳಿದವನು ಪಕ್ಕದ ಮನೆಯ ಹುಡುಗ. ಗಾಬರಿಯಿಂದ ಒತ್ತಿದವರು ಇವರು. ಬ್ಯಾಂಕಿನ ಖಾತೆಯ ಸಂಖ್ಯೆ ತುಂಬಿದರು, ಫೋನಿಗೆ ಬಂದ ಓಟಿಪಿಯನ್ನೂ ತುಂಬಿದರು. ಸೋರುವ ಮನೆಯ ಸೂರು ಸರಿಮಾಡಿಸಲು ಕೂಡಿಟ್ಟಿದ್ದ ಹಣ ಅರ್ಧ ಗಂಟೆಯೊಳಗೆ ಹೋಯಿತು.

ಬ್ಯಾಂಕಿಗೆ ಓಡಿದರೆ ಅಲ್ಲಿ ದೊರೆತ ಉತ್ತರ ಒಂದೇ: “ಓಟಿಪಿ ಕೊಟ್ಟವರು ನೀವೇ ಅಲ್ಲವೆ?”

ಅವರು ನಮ್ಮನ್ನು ಕೇಳಿದ್ದೂ ಒಂದೇ ಪ್ರಶ್ನೆ: “ಮೇಲೆ ಆಫೀಸಿನ ಹೆಸರೇ ಇತ್ತಲ್ಲಪ್ಪಾ. ಹಾಗಾದರೆ ಅದನ್ನು ಬರೆದವರು ಯಾರು?”

ಈ ಪ್ರಶ್ನೆ ಒಬ್ಬರದಲ್ಲ. ಗಿರಣಿಯ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಇಂದು ಕೇಳಬೇಕಾದ ಪ್ರಶ್ನೆ ಇದು. ಇದಕ್ಕೆ ಎರಡು ಉತ್ತರಗಳಿವೆ. ಒಂದು ನಾವು ಕಲಿಯಬೇಕಾದದ್ದು. ಇನ್ನೊಂದು ಬ್ಯಾಂಕು, ಸರಕಾರ, ದೊಡ್ಡ ಕಂಪೆನಿಗಳಿಂದ ನಾವು ಕೇಳಿ ಪಡೆಯಬೇಕಾದದ್ದು. ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ನುಂಗುವುದು ಈಗಿನ ಪದ್ಧತಿ. ಆ ಪದ್ಧತಿಯನ್ನು ನಾವು ಒಪ್ಪಲಾರೆವು.

ಲಕೋಟೆಯ ಮೇಲಿನ ಹೆಸರು

ಶಾಲೆಯಲ್ಲಿ ಪತ್ರಲೇಖನ ಕಲಿತವರಿಗೆಲ್ಲ ನೆನಪಿರಬಹುದು. ಎಡಗಡೆ ‘ಇಂದ’ ಎಂದು ಬರೆದು ನಮ್ಮ ಹೆಸರು ಹಾಕುತ್ತೇವೆ. ಕೆಳಗೆ ‘ಇವರಿಗೆ’ ಎಂದು ಬರೆದು ಅವರ ಹೆಸರು ಹಾಕುತ್ತೇವೆ. ‘ಇವರಿಗೆ’ ಎಂಬಲ್ಲಿ ತಪ್ಪಿದರೆ ಪತ್ರ ಮುಟ್ಟುವುದಿಲ್ಲ. ‘ಇಂದ’ ಎಂಬಲ್ಲಿ ಏನು ಬರೆದರೂ ಪತ್ರ ಮುಟ್ಟುತ್ತದೆ. ‘ಇಂದ: ಜಿಲ್ಲಾಧಿಕಾರಿಗಳು’ ಎಂದು ಯಾವನೋ ಒಬ್ಬ ಬರೆದು ಡಬ್ಬಿಗೆ ಹಾಕಿದರೆ, ಅಂಚೆಯವನು ಜಿಲ್ಲಾಧಿಕಾರಿಯ ಕಚೇರಿಗೆ ಹೋಗಿ ನಿಜವೋ ಸುಳ್ಳೋ ಎಂದು ಕೇಳಿಕೊಂಡು ಬರುತ್ತಾನೆಯೆ? ಇಲ್ಲ. ಮುಟ್ಟಿಸುವುದು ಅವನ ಕೆಲಸ. ಕಳಿಸಿದವನ ಗುರುತು ಹಿಡಿಯುವುದು ಅವನ ಕೆಲಸವಲ್ಲ.

ಇ-ಮೇಲ್ ಕೂಡ ಇದೇ ನಡೆಯದು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಸಾಗಿಸುವ ನಿಯಮಗಳನ್ನು 1982ರಲ್ಲಿ ಜಾನ್ ಪೋಸ್ಟೆಲ್ ಎಂಬ ಅಮೆರಿಕದ ತಜ್ಞರು ಬರೆದಿಟ್ಟರು. ಆಗ ಆ ಜಾಲದಲ್ಲಿದ್ದ ಯಂತ್ರಗಳು ಕೆಲವು ನೂರು ಮಾತ್ರ. ಬಹುಮಟ್ಟಿಗೆ ವಿಶ್ವವಿದ್ಯಾಲಯಗಳವು, ಸಂಶೋಧನಾಲಯಗಳವು, ಸೈನ್ಯದ ಕೆಲಸದವು. ಬಳಸುವವರು ಪರಸ್ಪರ ನಂಬುವವರು. ಆದ್ದರಿಂದ ಕಳಿಸುವವನು ‘ಇಂದ’ ಎಂಬಲ್ಲಿ ಬರೆದದ್ದು ನಿಜವೇ ಎಂದು ನೋಡುವ ಏರ್ಪಾಡನ್ನು ಆ ನಿಯಮಗಳಲ್ಲಿ ಇಡಲಿಲ್ಲ. ನಾಲ್ಕು ಮನೆಯ ಹಳ್ಳಿಯಲ್ಲಿ ಬಾಗಿಲಿಗೆ ಅಗುಳಿ ಇಲ್ಲದಿದ್ದರೂ ನಡೆಯುತ್ತದೆ. ಆ ಹಳ್ಳಿ ಇಂದು ಜಗತ್ತಿನಷ್ಟು ದೊಡ್ಡ ಸಂತೆಯಾಗಿದೆ; ಬಾಗಿಲು ಮಾತ್ರ ಬಹುಕಾಲ ಹಾಗೆಯೇ ಉಳಿಯಿತು.

ಆದುದರಿಂದ ಗಿರಣಿಯ ಬಂಧುಗಳು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು ಇದು: ಇ-ಮೇಲಿನ ತಲೆಯ ಮೇಲಿರುವ ಹೆಸರು ಸಾಕ್ಷ್ಯವಲ್ಲ, ಬರಿಯ ಹೇಳಿಕೆ. ಕಳಿಸಿದವನು ತಾನು ಇಂಥವನೆಂದು ಹೇಳಿಕೊಂಡಿದ್ದಾನೆ, ಅಷ್ಟೆ.

ಕಣ್ಣಿನಿಂದ ಹಿಡಿಯುವುದು ಹೇಗೆ

ವಂಚಕರು ಈ ‘ಇಂದ’ ಎಂಬ ಸಾಲನ್ನು ಕೆಡಿಸುವ ಬಗೆಗಳು ಮುಖ್ಯವಾಗಿ ನಾಲ್ಕು. ಒಂದೊಂದನ್ನೂ ತಿಳಿದರೆ ಒಂದೊಂದನ್ನೂ ಹಿಡಿಯಬಹುದು.

ಮೊದಲನೆಯದು ಬರಿಯ ಹೆಸರಿನ ಮೋಸ. ಫೋನಿನ ಪರದೆ ಚಿಕ್ಕದು. ಅದು ಕಳಿಸಿದವನ ಹೆಸರನ್ನು ತೋರಿಸಿ ವಿಳಾಸವನ್ನು ಮುಚ್ಚಿಡುತ್ತದೆ. ಹೆಸರಿನ ಜಾಗದಲ್ಲಿ ‘ಆದಾಯ ತೆರಿಗೆ ಇಲಾಖೆ’ ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು. ಆ ಹೆಸರಿನ ಮೇಲೆ ಬೆರಳಿಟ್ಟು ಒತ್ತಿದರೆ ಕೆಳಗೆ ನಿಜವಾದ ವಿಳಾಸ ಕಾಣುತ್ತದೆ. ಅಲ್ಲಿ ಯಾವುದೋ ಜಿಮೇಲ್ ವಿಳಾಸವೋ ಹಿಂದೆಂದೂ ಕೇಳದ ಕಂಪೆನಿಯ ವಿಳಾಸವೋ ಇದ್ದರೆ ವಿಚಾರ ಮುಗಿಯಿತು. ನಾವು ನೋಡಿದ ಆ ಪತ್ರದಲ್ಲಿಯೂ ಆಗಿದ್ದು ಇದೇ. ಮೇಲೆ ಭವಿಷ್ಯ ನಿಧಿ, ಕೆಳಗೆ ಯಾವುದೋ ಪರದೇಶದ ಅಂಗಡಿಯ ವಿಳಾಸ.

ಎರಡನೆಯದು ವಿಳಾಸದಲ್ಲಿಯೇ ಮಾಡುವ ಮೋಸ. ಇದನ್ನು ಹಿಡಿಯಲು ಅಂಚೆಯ ಕಚೇರಿಯಲ್ಲಿ ಪತ್ರ ವಿಂಗಡಿಸುವವರ ರೀತಿಯನ್ನು ಅನುಸರಿಸಬೇಕು. ಅವರು ಮೊದಲು ನೋಡುವುದು ಮೇಲಿನ ಹೆಸರನ್ನಲ್ಲ, ಕೊನೆಯ ಸಾಲಿನ ಊರು ಮತ್ತು ಪಿನ್ ಸಂಖ್ಯೆಯನ್ನು. ಇ-ಮೇಲ್ ವಿಳಾಸವನ್ನೂ ಹಾಗೆಯೇ ಕೊನೆಯಿಂದ ಹಿಂದಕ್ಕೆ ಓದಬೇಕು. ಸರಕಾರದ ಕಚೇರಿಗಳ ವಿಳಾಸ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದು ಮುಗಿಯುತ್ತದೆ. ಭವಿಷ್ಯ ನಿಧಿಯದು ‘ಇಪಿಎಫ್‌ಇಂಡಿಯಾ ಡಾಟ್ ಗವ್ ಡಾಟ್ ಇನ್’. ವಂಚಕನು ಇದೇ ಸಾಲನ್ನು ಪೂರ್ತಿಯಾಗಿ ಬರೆದು, ಅದರ ಮುಂದೆ ಇನ್ನೊಂದು ಹೆಸರು ಸೇರಿಸಿ ‘ಡಾಟ್ ಕಾಮ್’ ಎಂದು ಮುಗಿಸಿದರೆ ಆ ವಿಳಾಸ ಸರಕಾರದ್ದಲ್ಲ, ಕೊನೆಯಲ್ಲಿರುವ ಹೆಸರಿನವನದು. ‘ಜಿಲ್ಲಾಧಿಕಾರಿಗಳ ಬಂಗಲೆಯ ಹತ್ತಿರದ ಚಹಾ ಅಂಗಡಿ’ ಎಂದರೆ ಅದು ಚಹಾ ಅಂಗಡಿಯೇ ಹೊರತು ಬಂಗಲೆಯಲ್ಲ. ಇಂಗ್ಲಿಷ್ ಅಕ್ಷರಗಳ ಆಟವೂ ಉಂಟು. ‘ಆರ್’ ಮತ್ತು ‘ಎನ್’ ಎಂಬ ಎರಡು ಚಿಕ್ಕ ಅಕ್ಷರಗಳನ್ನು ಒತ್ತಿ ಬರೆದರೆ ‘ಎಂ’ ಎಂಬ ಅಕ್ಷರದಂತೆ ಕಾಣುತ್ತದೆ. ‘ಓ’ ಇರುವಲ್ಲಿ ಸೊನ್ನೆ, ‘ಎಲ್’ ಇರುವಲ್ಲಿ ಒಂದು ಎಂಬ ಅಂಕಿ ಕೂರಿಸುತ್ತಾರೆ. ಖೋಟಾ ನೋಟನ್ನು ಬೆಳಕಿಗೆ ಹಿಡಿದು ನೋಡುವ ವ್ಯಾಪಾರಿ ಈ ಅಕ್ಷರಗಳನ್ನೂ ಹಾಗೆಯೇ ನೋಡಬೇಕು.

ಮೂರನೆಯದು ನಿಜವಾದ ವಿಳಾಸವನ್ನೇ ‘ಇಂದ’ ಎಂಬಲ್ಲಿ ಬರೆದುಬಿಡುವುದು. ಇದು ಪೂರ್ಣ ಖೋಟಾ. ಕೆಲವರಿಗೆ ತಮ್ಮ ವಿಳಾಸದಿಂದ ತಮಗೇ ಬಂದಂತೆ ಪತ್ರ ಬರುತ್ತದೆ; ‘ನಿನ್ನ ಫೋನಿನೊಳಗೆ ಹೊಕ್ಕಿದ್ದೇನೆ, ಹಣ ಕೊಡದಿದ್ದರೆ ಮಾನ ಕಳೆಯುತ್ತೇನೆ’ ಎಂಬ ಬೆದರಿಕೆ ಅದರಲ್ಲಿರುತ್ತದೆ. ಬಹುಪಾಲು ಅವನು ಎಲ್ಲಿಯೂ ಹೊಕ್ಕಿರುವುದಿಲ್ಲ. ನಿಮ್ಮ ವಿಳಾಸವನ್ನು ‘ಇಂದ’ ಎಂಬಲ್ಲಿ ಬರೆದಿದ್ದಾನೆ, ಅಷ್ಟೆ. ಇಂಥದ್ದನ್ನು ಬರಿಗಣ್ಣಿನಿಂದ ಹಿಡಿಯುವುದು ಕಷ್ಟ. ಆದರೆ ಪತ್ರದ ಬೆನ್ನಿನ ಮೇಲೆ ಅಂಚೆಯ ಠಸ್ಸೆಗಳಿರುವಂತೆ ಇ-ಮೇಲಿಗೂ ಅದು ಹಾದುಬಂದ ದಾರಿಯ ಗುರುತುಗಳಿರುತ್ತವೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಪತ್ರದ ಬಲಗಡೆಯ ಮೂರು ಚುಕ್ಕಿಗಳನ್ನು ಒತ್ತಿ, ‘ಶೋ ಒರಿಜಿನಲ್’ ಎಂಬುದನ್ನು ಆರಿಸಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳ ಫಲಿತಾಂಶ ಕಾಣುತ್ತದೆ. ಡಿಮಾರ್ಕಿನ ಮುಂದೆ ‘ಫೇಲ್’ ಎಂದಿದ್ದರೆ ಆ ಪತ್ರವನ್ನು ನಂಬಲಾಗದು. ‘ಪಾಸ್’ ಎಂದಿದ್ದರೆ ವಿಳಾಸ ಖೋಟಾ ಅಲ್ಲ ಎಂದು ಮಾತ್ರ ಅರ್ಥ. ಕಳಿಸಿದವನು ಸಜ್ಜನ ಎಂದು ಅರ್ಥವಲ್ಲ. ಕಳ್ಳನೂ ತನ್ನದೇ ವಿಳಾಸ ಕೊಂಡು ಪಾಸಾಗಬಲ್ಲ.

ನಾಲ್ಕನೆಯದು ಉತ್ತರ ಬೇರೆಡೆಗೆ ಹೋಗುವಂತೆ ಮಾಡುವುದು. ‘ಇಂದ’ ಎಂಬಲ್ಲಿ ಒಂದು ವಿಳಾಸ. ನೀವು ಉತ್ತರ ಬರೆಯಲು ಒತ್ತಿದರೆ ಮೇಲೆ ಬರುವುದು ಇನ್ನೊಂದು ವಿಳಾಸ. ಉತ್ತರ ಕಳಿಸುವ ಮೊದಲು ಆ ಸಾಲನ್ನೊಮ್ಮೆ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಈ ನಾಲ್ಕೂ ನೆನಪಿನಲ್ಲಿ ಉಳಿಯದಿದ್ದರೆ ಒಂದು ಮಾತು ಉಳಿಯಲಿ. ಅವಸರ ಪಡಿಸುವ, ಹೆದರಿಸುವ, ಆಸೆ ತೋರಿಸುವ ಪತ್ರದೊಳಗಿನ ಲಿಂಕನ್ನು ಒತ್ತಬೇಡಿ. ಅದರಲ್ಲಿರುವ ಫೋನು ನಂಬರಿಗೆ ಕರೆ ಮಾಡಬೇಡಿ. ಕಚೇರಿಗೆ ನೀವೇ ಹೋಗಿ, ಅಥವಾ ನಿಮಗೆ ಮೊದಲೇ ಗೊತ್ತಿರುವ ನಂಬರಿನಲ್ಲಿ ವಿಚಾರಿಸಿ. ಭವಿಷ್ಯ ನಿಧಿಯವರಾಗಲಿ ಬ್ಯಾಂಕಿನವರಾಗಲಿ ಓಟಿಪಿ ಹೇಳಿರೆಂದು ಕೇಳುವುದಿಲ್ಲ.

ಪೇಟೆಯವರಿಗೆ ಎರಡು ಮಾತು

ಸಣ್ಣ ವ್ಯಾಪಾರಿಗಳಿಗೆ ಬರುವ ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ವರ್ಷಗಳಿಂದ ಸರಕು ಕಳಿಸುವ ಕಂಪೆನಿಯ ಹೆಸರಿನಲ್ಲಿ ಒಂದು ಇ-ಮೇಲ್ ಬರುತ್ತದೆ: ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ, ಈ ಸಲದ ಬಿಲ್ಲಿನ ಹಣವನ್ನು ಹೊಸ ಖಾತೆಗೆ ಹಾಕಿರಿ. ಬಿಲ್ಲು ಸರಿಯಿದೆ, ಮೊತ್ತ ಸರಿಯಿದೆ. ಖಾತೆ ಮಾತ್ರ ಕಳ್ಳನದು.

ಇದಕ್ಕೆ ಬಲಿಬಿದ್ದವರು ಓದು ಬಾರದ ಬಡವರು ಮಾತ್ರ ಎಂದು ಯಾರೂ ತಿಳಿಯಬಾರದು. ಎವಾಲ್ಡಾಸ್ ರಿಮಾಸೌಸ್ಕಾಸ್ ಎಂಬ ಲಿಥುವೇನಿಯಾ ದೇಶದವನೊಬ್ಬ, ತೈವಾನಿನ ಕ್ವಾಂಟಾ ಎಂಬ ಕಂಪ್ಯೂಟರ್ ತಯಾರಿಕೆಯ ಕಂಪೆನಿಯ ಹೆಸರಿನಲ್ಲಿಯೇ ಇನ್ನೊಂದು ಕಂಪೆನಿಯನ್ನು ಲಾಟ್ವಿಯಾದಲ್ಲಿ ನೋಂದಾಯಿಸಿದ. ಆ ಹೆಸರಿನ ಖೋಟಾ ಇ-ಮೇಲುಗಳನ್ನೂ ಖೋಟಾ ಬಿಲ್ಲುಗಳನ್ನೂ ಕಳಿಸಿ, 2013ರಿಂದ 2015ರ ನಡುವೆ ಗೂಗಲ್ ಮತ್ತು ಫೇಸ್‌ಬುಕ್ ಕಂಪೆನಿಗಳಿಂದ 10 ಕೋಟಿ ಡಾಲರಿಗೂ ಹೆಚ್ಚು ಹಣ ಕಿತ್ತ. 2019ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ 5 ವರ್ಷದ ಸೆರೆ ವಿಧಿಸಿತು. ಜಗತ್ತಿನ ಇ-ಮೇಲುಗಳ ದೊಡ್ಡ ಪಾಲನ್ನು ಸಾಗಿಸುವ ಕಂಪೆನಿಯ ಗುಮಾಸ್ತರೇ ‘ಇಂದ’ ಎಂಬ ಸಾಲನ್ನು ನಂಬಿ ಮೋಸಹೋದ ಮೇಲೆ, ನಮ್ಮ ಪೇಟೆಯ ಕಿರಾಣಿ ಅಂಗಡಿಯವನನ್ನು ದಡ್ಡನೆಂದು ಹಳಿಯುವ ಅಧಿಕಾರ ಯಾರಿಗಿದೆ?

ಖಾತೆ ಬದಲಾಗಿದೆ ಎಂದು ಪತ್ರ ಬಂದರೆ ಹಳೆಯ ನಂಬರಿಗೆ ಫೋನು ಮಾಡಿ, ಪರಿಚಯದ ದನಿಯಿಂದಲೇ ಕೇಳಿ ತಿಳಿಯಬೇಕು. ನೆಫ್ಟ್ ಅಥವಾ ಆರ್‌ಟಿಜಿಎಸ್ ಮೂಲಕ ಹಣ ಕಳಿಸುವ ಮೊದಲು ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಆಜ್ಞೆ ಮಾಡಿತು. ಆ ಹೆಸರನ್ನು ನೋಡದೆ ಹಣ ಕಳಿಸಬಾರದು.

ತೆರಿಗೆಯ ನೋಟೀಸಿನ ಹೆದರಿಕೆ ಇನ್ನೊಂದು. 2025ರ ಜುಲೈ ತಿಂಗಳಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಾಗ, ಬೆಂಗಳೂರಿನ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ತೂಗಿದ್ದನ್ನು ಓದುಗರು ಮರೆತಿಲ್ಲ. ಅವು ನಿಜವಾದ ನೋಟೀಸುಗಳು. ಆದರೆ ಹೀಗೆ ಅಂಜಿದ ವ್ಯಾಪಾರಿಯ ಫೋನಿಗೆ ಅದೇ ದನಿಯ ಖೋಟಾ ನೋಟೀಸು ಬಂದರೆ ಅವನು ಬೇರ್ಪಡಿಸುವುದು ಹೇಗೆ? ಕೇಂದ್ರದ ಜಿಎಸ್‌ಟಿ ಅಧಿಕಾರಿಗಳು ಕಳಿಸುವ ಪತ್ರದ ಮೇಲೆ 2019ರ ನವೆಂಬರಿನಿಂದ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರಬೇಕೆಂಬ ನಿಯಮ ಬಂದಿತು. ಜಿಎಸ್‌ಟಿ ಜಾಲತಾಣದ ಮೂಲಕ ಬರುವ ಪತ್ರಕ್ಕೆ ಆರ್‌ಎಫ್‌ಎನ್ ಎಂಬ ಸಂಖ್ಯೆ ಇರುತ್ತದೆ. ಪತ್ರದೊಳಗಿನ ಲಿಂಕಿನಿಂದಲ್ಲದೆ, ನೀವೇ ಇಲಾಖೆಯ ಜಾಲತಾಣ ತೆರೆದು ಆ ಸಂಖ್ಯೆಯನ್ನು ಪರೀಕ್ಷಿಸಬಹುದು. ನಿಜವಾದ ನೋಟೀಸು ಪರೀಕ್ಷೆಗೆ ಅಂಜುವುದಿಲ್ಲ.

ಬೀಗ ಇದೆ, ಹಾಕುವ ಮನಸ್ಸಿಲ್ಲ

ಇಷ್ಟನ್ನು ಕಲಿಯುವುದು ನಮ್ಮ ಪಾಲಿನ ಕೆಲಸ. ಇನ್ನು ಅವರ ಪಾಲಿನ ಕೆಲಸ ಏನಾಯಿತು?

ಮೇಲೆ ಹೇಳಿದ ಮೂರು ಪರೀಕ್ಷೆಗಳು ಹೊಸವಲ್ಲ. ಎಸ್‌ಪಿಎಫ್ ಎಂದರೆ ‘ನನ್ನ ಹೆಸರಿನಲ್ಲಿ ಅಂಚೆಗೆ ಹಾಕಲು ಇಂಥ ಯಂತ್ರಗಳಿಗೆ ಮಾತ್ರ ಅಧಿಕಾರ’ ಎಂದು ಸಂಸ್ಥೆಯೊಂದು ಸಾರ್ವಜನಿಕವಾಗಿ ಅಂಟಿಸುವ ಪಟ್ಟಿ. ಡಿಕಿಮ್ ಎಂದರೆ ಪತ್ರದ ಮೇಲೆ ಒತ್ತುವ ಅರಗಿನ ಮುದ್ರೆ. ದಾರಿಯಲ್ಲಿ ಅಕ್ಷರ ತಿದ್ದಿದರೆ ಮುದ್ರೆ ಒಡೆಯುತ್ತದೆ. ಡಿಮಾರ್ಕ್ ಎಂದರೆ ಇವೆರಡರಲ್ಲಿ ಒಂದಾದರೂ ‘ಇಂದ’ ಎಂಬ ಸಾಲಿನ ಹೆಸರಿಗೆ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ಆ ಸಂಸ್ಥೆ ಕೊಡುವ ಅಪ್ಪಣೆ. ಅಪ್ಪಣೆಗಳು ಮೂರು ಬಗೆ: ಸುಮ್ಮನೆ ಬಿಡು, ಪಕ್ಕಕ್ಕಿಡು, ತಿರಸ್ಕರಿಸು. ಡಿಮಾರ್ಕಿನ ನಿಯಮ 2015ರಲ್ಲಿಯೇ ಪ್ರಕಟವಾಯಿತು. ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಲೆಕ್ಕಾಚಾರದಿಂದ ಕೆಲಸ ಮಾಡುವ ಮನಸ್ಸು ಬೇಕು.

ಆದರೆ ನಡೆದದ್ದೇನು? ಲೋಕದಲ್ಲಿ ಎಷ್ಟೋ ಸಂಸ್ಥೆಗಳು ಈ ಬೀಗವನ್ನು ತಂದು, ‘ಸುಮ್ಮನೆ ಬಿಡು’ ಎಂಬ ಅಪ್ಪಣೆಯಲ್ಲಿಯೇ ನಿಲ್ಲಿಸಿ, ನಮ್ಮಲ್ಲಿಯೂ ಬೀಗ ಉಂಟು ಎಂದು ಹೇಳಿಕೊಂಡವು. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರು ಈ ಮೂರನ್ನೂ ಹೊಂದಿರಬೇಕೆಂದು ಗೂಗಲ್ ಕಂಪೆನಿ ನಿಯಮ ಮಾಡಿದ್ದು 2024ರ ಫೆಬ್ರವರಿಯಲ್ಲಿ. ಅಲ್ಲಿಯೂ ‘ಸುಮ್ಮನೆ ಬಿಡು’ ಎಂದಿದ್ದರೂ ಸಾಕೆಂಬ ಸಡಿಲ ಇತ್ತು. ಬಾಗಿಲಿಗೆ ಬೀಗ ತೂಗುಹಾಕಿ ಕೀಲಿ ತಿರುಗಿಸದವನ ಮನೆಯಲ್ಲಿ ಕಳವಾದರೆ ನಷ್ಟ ಅವನದು. ಇಲ್ಲಿ ಬೀಗ ಹಾಕದವನು ಒಬ್ಬ, ನಷ್ಟ ಪಡುವವನು ಇನ್ನೊಬ್ಬ. ಅನ್ಯಾಯದ ಬೇರು ಇರುವುದು ಇಲ್ಲಿ.

ಒಳ್ಳೆಯ ಕೆಲಸ ಆದಲ್ಲಿ ಆಗಿದೆ ಎನ್ನಲು ನಮಗೆ ಸಂಕೋಚವಿಲ್ಲ. ಬ್ಯಾಂಕುಗಳ ಜಾಲತಾಣದ ಹೆಸರು ‘ಬ್ಯಾಂಕ್ ಡಾಟ್ ಇನ್’ ಎಂದೇ ಮುಗಿಯುವಂತೆ 2025ರ ಅಕ್ಟೋಬರ್ 31ರೊಳಗೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕು ಆಜ್ಞೆ ಮಾಡಿತು. ಬ್ಯಾಂಕಲ್ಲದವರಿಗೆ ಆ ಹೆಸರು ಸಿಗುವುದಿಲ್ಲ. ಕೊನೆಯಿಂದ ಹಿಂದಕ್ಕೆ ಓದುವವನಿಗೆ ಇದು ಉಪಕಾರವೇ. ಆದರೆ ಆ ಹೆಸರನ್ನು ಹೀಗೆ ಓದಬೇಕೆಂದು ಕೂಲಿಕಾರರಿಗೆ ಅವರ ಭಾಷೆಯಲ್ಲಿ ಹೇಳುವವರು ಯಾರು?

ನಷ್ಟ ಯಾರದು?

2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ, ಗ್ರಾಹಕನ ಒಪ್ಪಿಗೆಯಿಲ್ಲದೆ ಹಣ ಹೋದರೆ ಹೊಣೆ ಯಾರದೆಂಬುದನ್ನು ಹಂಚಿತು. ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದ ಕಡೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ ಎಂದಿತು. ಆದರೆ ಗುಟ್ಟಿನ ವಿವರವನ್ನು ಗ್ರಾಹಕನೇ ಕೊಟ್ಟಿದ್ದರೆ ಅದು ಅವನ ಅಲಕ್ಷ್ಯ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ ಎಂದಿತು. ತಪ್ಪು ಗ್ರಾಹಕನದೆಂದು ರುಜುವಾತು ಪಡಿಸುವ ಭಾರ ಬ್ಯಾಂಕಿನದು ಎಂದೂ ಅದೇ ಸುತ್ತೋಲೆ ಹೇಳಿತು. ಬೆಂಚಿನ ಮೇಲೆ ಕುಳಿತ ನಮ್ಮ ಹಿರಿಯರಿಗೆ ಬ್ಯಾಂಕಿನಲ್ಲಿ ಆ ಎರಡನೆಯ ಮಾತನ್ನು ಮಾತ್ರ ಹೇಳಿದರು, ಮೂರನೆಯದನ್ನು ಹೇಳಲಿಲ್ಲ.

ಸರಕಾರದ ಮುದ್ರೆ ಹೊತ್ತು, ಸರಕಾರದ ಹೆಸರಿನಲ್ಲಿ ಬಂದ ಪತ್ರವನ್ನು ಸರಕಾರದ್ದೆಂದು ನಂಬುವುದು ಅಲಕ್ಷ್ಯವೆ? ಜನ್ಮವಿಡೀ ಮೇಲಿನವರ ಕಾಗದ ಬಂದರೆ ಎದ್ದು ನಿಲ್ಲಬೇಕೆಂದು ಕಲಿಸಿದ ವ್ಯವಸ್ಥೆಯೇ, ಇಂದು ಆ ಕಾಗದವನ್ನು ನೀನೇಕೆ ಸಂಶಯಿಸಲಿಲ್ಲ ಎಂದು ಕೇಳುವುದು ಎಂಥ ನ್ಯಾಯ?

ಹೀಗಲ್ಲದ ದಾರಿಯೂ ಇದೆ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ, ವಂಚನೆಗೆ ಒಳಗಾಗಿ ಗ್ರಾಹಕನೇ ಕಳಿಸಿದ ಹಣವನ್ನೂ ಬ್ಯಾಂಕುಗಳು 85,000 ಪೌಂಡಿನ ಮಿತಿಯವರೆಗೆ ಹಿಂದಿರುಗಿಸಬೇಕೆಂಬ ನಿಯಮ ಜಾರಿಗೆ ಬಂದಿತು. ಹಣ ಕಳಿಸಿದ ಬ್ಯಾಂಕು ಅರ್ಧ, ಕಳ್ಳನ ಖಾತೆ ಇದ್ದ ಬ್ಯಾಂಕು ಅರ್ಧ ಭರಿಸಬೇಕು. ತೀರ ಬೇಜವಾಬ್ದಾರಿಯಿಂದ ನಡೆದವನಿಗೆ ಮಾತ್ರ ಈ ರಕ್ಷಣೆ ತಪ್ಪಬಹುದು. ಇದು ಸಮಾಜವಾದಿ ರಾಜ್ಯವಲ್ಲ, ಬಂಡವಾಳಗಾರರ ದೇಶವೇ. ಆದರೂ ಅಲ್ಲಿ ಒಂದು ಮಾತು ಅರ್ಥವಾಗಿದೆ: ನಷ್ಟ ಬ್ಯಾಂಕಿನ ಮೈಗೆ ತಾಗುವವರೆಗೆ ಬ್ಯಾಂಕು ಬಾಗಿಲು ಭದ್ರಮಾಡುವುದಿಲ್ಲ. ಕದ್ದ ಹಣ ಯಾವುದೋ ಬ್ಯಾಂಕಿನ ಖಾತೆಗೇ ಅಲ್ಲವೆ ಬೀಳುವುದು? ಬಡವರ ಹೆಸರಿನಲ್ಲಿ ಬಾಡಿಗೆಗೆ ತೆಗೆದ ಆ ಖಾತೆಯನ್ನು ತೆರೆದುಕೊಟ್ಟವರು ಯಾರು?

ನಮ್ಮ ಬೇಡಿಕೆ

ಡಾ. ಲೋಹಿಯಾ ಅವರು ಇಂಗ್ಲಿಷಿನ ಆಡಳಿತದ ವಿರುದ್ಧ ಹೋರಾಡಿದ್ದು ಆ ಭಾಷೆಯ ಮೇಲಿನ ದ್ವೇಷದಿಂದಲ್ಲ. ಜನರಿಗೆ ತಿಳಿಯದ ಭಾಷೆಯಲ್ಲಿ ಜನರನ್ನು ಆಳುವುದು ಮೋಸ ಎಂಬ ಕಾರಣದಿಂದ. ಆ ಮಾತಿನ ಸತ್ಯ ಇಂದು ಇನ್ನೊಂದು ಬಗೆಯಲ್ಲಿ ಕಾಣುತ್ತಿದೆ. ನಿಜವಾದ ಕಚೇರಿಯ ಪತ್ರವೂ ಇಂಗ್ಲಿಷಿನಲ್ಲಿ, ಕಳ್ಳನ ಪತ್ರವೂ ಇಂಗ್ಲಿಷಿನಲ್ಲಿ. ಎರಡೂ ಅರ್ಥವಾಗದವನು ಎರಡಕ್ಕೂ ಒಂದೇ ರೀತಿ ಅಂಜುತ್ತಾನೆ. ಆ ಅಂಜಿಕೆಯೇ ಕಳ್ಳನ ಬಂಡವಾಳ.

ಆದುದರಿಂದ ನಾವು ಕೇಳುವುದು ಇಷ್ಟು. ಬ್ಯಾಂಕುಗಳೂ ಸರಕಾರದ ಎಲ್ಲ ಕಚೇರಿಗಳೂ ತಮ್ಮ ಹೆಸರಿನ ಖೋಟಾ ಪತ್ರಗಳನ್ನು ‘ತಿರಸ್ಕರಿಸು’ ಎಂಬ ಅಪ್ಪಣೆಯನ್ನೇ ಇಡಬೇಕು. ಇಡದವರ ಹೆಸರನ್ನು ಸರಕಾರ ಪ್ರಕಟಿಸಬೇಕು. ಕೂಲಿಕಾರನಿಗೂ ಸಣ್ಣ ವ್ಯಾಪಾರಿಗೂ ಬರುವ ಪತ್ರ ಕನ್ನಡದಲ್ಲಿರಬೇಕು. ಖೋಟಾ ಹೆಸರನ್ನು ನಂಬಿ ಕೆಟ್ಟವನ ನಷ್ಟದಲ್ಲಿ ಎರಡು ಬ್ಯಾಂಕುಗಳೂ ಪಾಲುಗೊಳ್ಳಬೇಕು.

ಈ ಬೇಡಿಕೆ ಈಡೇರುವವರೆಗೆ ಕಾಯುತ್ತ ಕೂರಲಾಗದು. ಹಣ ಹೋದದ್ದು ತಿಳಿದ ಕ್ಷಣವೇ 1930 ಎಂಬ ನಂಬರಿಗೆ ಫೋನು ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು, ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ಎಂಬಲ್ಲಿ ದೂರು ದಾಖಲಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲೇ ತಡೆಯುವ ಅವಕಾಶ ಆ ಮೊದಲ ಗಂಟೆಗಳಲ್ಲಿ ಹೆಚ್ಚು. ಕಂಪ್ಯೂಟರಿನ ಮೂಲಕ ಬೇರೆಯವರ ವೇಷ ಹಾಕಿ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿಯವರೆಗೆ ದಂಡ ಉಂಟು. ದೂರು ಬರೆಯಲು ನಾಚಬೇಕಾದವರು ನೀವಲ್ಲ.

ನಮ್ಮ ಹಿರಿಯರು ಈ ಕೆಲಸವನ್ನು ಮಾಡಲು ಮೂರು ದಿನ ತಡಮಾಡಿದ್ದರು. ಕಾರಣ ಕೇಳಿದರೆ, “ಮಂದಿ ನಗುತ್ತಾರೆ ಎಂದು ಸುಮ್ಮನಿದ್ದೆ” ಎಂದರು. ಆ ಮೂರು ದಿನದ ಮೌನ ಕಳ್ಳನಿಗೆ ಸಿಕ್ಕ ಎರಡನೆಯ ಲಾಭ. ದೂರು ಬರೆದಾಗಿದೆ. ರುಜುವಾತಿನ ಭಾರ ನಿಮ್ಮದೆಂದು ಬ್ಯಾಂಕಿಗೆ ಅರ್ಜಿಯೂ ಹೋಗಿದೆ. ಆ ಅರ್ಜಿಯ ಎಡಗಡೆಯಲ್ಲಿ ‘ಇಂದ’ ಎಂದು ಬರೆದು ಅವರು ತಮ್ಮ ಹೆಸರನ್ನು, ಗಿರಣಿಯ ಹೆಸರನ್ನು, ಓಣಿಯ ಹೆಸರನ್ನು ಸ್ವಂತ ಕೈಯಿಂದ ಹಾಕಿದ್ದಾರೆ. ಅದರಲ್ಲಿ ಖೋಟಾ ಏನೂ ಇಲ್ಲ. ಉತ್ತರ ಕೊಡಬೇಕಾದವರು ಈಗ ಅವರು.